ವಿಲ್ಗೂನಿನ ಮೆತ್ತನೆಯ ನೆಲ

ವಿಲ್ಗೂನ್, ಆಗಸ್ಟ್ ೯, ೧೮೯೮, ಮಂಗಳವಾರ

ಸಂಜೆಯ ಊಟಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ. ಕುರಿಮಾಂಸ ಬೇಯಿಸಿಟ್ಟು, ಬೂದಿಯಲ್ಲಿ ರೊಟ್ಟಿ ಸುಟ್ಟಿಟ್ಟು, ಬಾಗಿಲಲ್ಲಿ ನಿಂತು ಗಂಟೆ ಬಾರಿಸಿ ಬಾರಿಸಿ ತೋಳು ಬಿದ್ದುಹೋಯಿತು. ಗಣಿಯವರಿಗೆ ಅನ್ನ ಹಾಕಿ ಬದುಕುವವಳಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ? ಕೊನೆಗೆ ಫಿಂಟನ್ ಒಬ್ಬ ಏದುಸಿರು ಬಿಡುತ್ತ ಓಡಿಬಂದ. ಊಟಕ್ಕಲ್ಲ, ಬೋಗುಣಿಗೆ.

"ಮಿಸ್ಸಸ್, ಆ ಎರಡು ದೊಡ್ಡ ಬೋಗುಣಿ ಕೊಡಿ, ಬೇಗ."

"ಹಿಟ್ಟು ಕಲಸೋ ಬೋಗುಣಿ ಕಣೋ ಅದು. ಮಣ್ಣು ತೂರೋಕೆ ಕೊಡಲ್ಲ."

"ಇವತ್ತೊಂದಿನ ಕೊಡಿ. ಗೋರಿ ತೋಡ್ತಿದ್ದೆ, ಮಣ್ಣಲ್ಲಿ ಹಳದಿ ಕಾಣಿಸ್ತು."

ಜ್ವರದಲ್ಲಿ ಸತ್ತ ಯಾರೋ ಒಬ್ಬನಿಗೆ ಗೋರಿ ತೋಡಲು ಇವನನ್ನು ಕಳಿಸಿದ್ದರು. ಇವನು ಸತ್ತವನನ್ನು ಬಯಲಲ್ಲೇ ಬಿಟ್ಟು ನನ್ನ ಬೋಗುಣಿಗಳನ್ನು ಕಿತ್ತುಕೊಂಡು ಓಡಿದ. ಒಂದರಿಂದ ಇನ್ನೊಂದಕ್ಕೆ ಮಣ್ಣು ಸುರಿಯುತ್ತ ಗಾಳಿಗೆ ತೂರಿದಾಗ ತಳದಲ್ಲಿ ಜೋಳದ ಕಾಳಿನಷ್ಟು ದಪ್ಪ ಚಿನ್ನ ಉಳಿಯಿತಂತೆ. ಈಗ ಇಡೀ ಊರು ಸ್ಮಶಾನದ ಬೇಲಿಯ ಸುತ್ತ ನಿಂತಿದೆ. ನನ್ನ ಮಾಂಸ ತಣ್ಣಗಾಗಿ ಕೊಬ್ಬು ಕಟ್ಟಿದೆ.

ಕೇಳಿಸಿತಾ ಡೆನ್ಜಿಲ್? ನೀನು ಈ ಮರುಭೂಮಿಯಲ್ಲಿ ಅಗೆಯದ ಜಾಗ ಇರಲಿಲ್ಲ. ಮುಂದಿನ ವಾರ ಸಿಗುತ್ತದೆ, ಮುಂದಿನ ವಾರ ಸಿಗುತ್ತದೆ ಅಂತ ಮದುವೆಯಾದ ದಿನದಿಂದ ನನ್ನನ್ನು ಗುಡಾರದಿಂದ ಗುಡಾರಕ್ಕೆ ಎಳೆದಾಡಿದೆ. ಈಗ ನೋಡಿದರೆ ಅದರ ಮೇಲೆಯೇ ಎರಡು ವರ್ಷದಿಂದ ಕಾಲು ಚಾಚಿ ಮಲಗಿದ್ದೀಯ. ಏನು ಹೇಳಲಿ ನಿನಗೆ.

ಆಗಸ್ಟ್ ೧೧, ಗುರುವಾರ

ಈ ಊರಿನ ಗಂಡಸರ ಬುದ್ಧಿಯನ್ನು ಒಂದು ಸಲ ಬರೆದಿಡಬೇಕು, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ಊರು ಹುಟ್ಟಿದ ವರ್ಷವೇ ಮೊದಲ ಸಾವಾಯಿತು. ಎಲ್ಲಿ ಹೂಳುವುದು ಅಂತ ಸಭೆ ಸೇರಿದರು. ಬೆಳಗಿನಿಂದ ಸಂಜೆವರೆಗೆ ಬಂಡೆ ಕುಟ್ಟಿ ಕೈ ಬೊಬ್ಬೆ ಬಂದವರಲ್ಲಿ ಸತ್ತವರಿಗೂ ಬಂಡೆ ಕುಟ್ಟಲು ಯಾರಿಗೆ ಮನಸ್ಸಿರುತ್ತದೆ? ಸಲಿಕೆ ಬೆಣ್ಣೆಯಂತೆ ಇಳಿಯುವ ಜಾಗ ನೋಡಿ, ಇದೇ ಸ್ಮಶಾನ ಅಂದುಬಿಟ್ಟರು. ಈ ಬೆಂಗಾಡಿನಲ್ಲಿ ಅದೊಂದೇ ನೆಲ ಯಾಕೆ ಮೆತ್ತಗಿದೆ ಅಂತ ಒಬ್ಬನೂ ಯೋಚಿಸಲಿಲ್ಲ. ಯಾವುದೋ ಕಾಲದಲ್ಲಿ ಹರಿದು ಬತ್ತಿ ಮುಚ್ಚಿಹೋದ ನದಿಯ ಪಾತ್ರ ಅದು. ಚಿನ್ನ ಕೂರುವುದೇ ಅಂಥ ಕಡೆ. ಸರಾಯಿ ಅಂಗಡಿಯಲ್ಲಿ ಕುಳಿತು ಹಳೆಯ ನದಿಪಾತ್ರದ ಬಗ್ಗೆ ಗಂಟೆಗಟ್ಟಲೆ ಕೊರೆಯುವ ಪಂಡಿತರು, ನಾಲ್ಕು ವರ್ಷ ಅದರ ಮೇಲೆಯೇ ಟೋಪಿ ತೆಗೆದು ನಿಂತು ಪ್ರಾರ್ಥನೆ ಹೇಳಿ ಮನೆಗೆ ಬಂದರು.

ನಿನ್ನೆ ಮತ್ತೆ ಸಭೆ. ಸಭೆ ಕರೆಯಬೇಕಾದರೆ ಬಾಣಲೆ ಬಾರಿಸುವುದು ಇಲ್ಲಿಯ ಪದ್ಧತಿ. ಬಾರಿಸಿದ್ದು ನನ್ನ ಬಾಣಲೆ. ಹಿಡಿ ಮುರಿದು ತಂದುಕೊಟ್ಟರು. ಸ್ಮಶಾನವನ್ನು ಗಣಿಗೆ ಬಿಟ್ಟುಕೊಡಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು. ಕಾರ್ಡೆಲ್ ಎದ್ದು ನಿಂತು ಭಾಷಣ ಬಿಗಿದ. ಉಪ್ಪುಕೆರೆಯ ನೀರು ಕಾಯಿಸಿ, ಆವಿ ಹಿಡಿದು, ಸಿಹಿನೀರು ಮಾಡಿ ಮಾರುವ ಮನುಷ್ಯ. ಊರಿನ ಗಂಟಲು ಅವನ ಕೈಯಲ್ಲಿದೆ.

"ಸತ್ತೋರು ನಮ್ಮೋರೇ. ನಾವು ಬದುಕೋದನ್ನ ಅವರು ಬೇಡ ಅಂತಾರಾ?" ಅಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನನ್ನ ಗಂಡ ಡೆನ್ಜಿಲ್ ಬಿಟ್ಟರೆ ಆ ಗೋರಿಗಳಲ್ಲಿ ಇರುವವರೆಲ್ಲ ಒಂಟಿ ಗಂಡಸರು. ಸತ್ತವರ ಜೊತೆ ಸಂಬಂಧ ಅಂತ ಊರಲ್ಲಿ ಇರುವುದು ನನಗೊಬ್ಬಳಿಗೇ.

ಆಗಸ್ಟ್ ೧೪, ಭಾನುವಾರ

ಎಂದಿನಂತೆ ಸ್ಮಶಾನಕ್ಕೆ ಹೋಗಿ ಡೆನ್ಜಿಲನಿಗೆ ಬೈದು ಬಂದೆ. ಛಾವಣಿಯ ತಗಡು ಹಾರಿಹೋದದ್ದು, ಹಿಟ್ಟಿನಲ್ಲಿ ಹುಳ ಬಿದ್ದದ್ದು, ಒಂಟೆಯವರು ಎಣ್ಣೆ ತರುವುದನ್ನು ಮರೆತದ್ದು, ಎಲ್ಲ ಹೇಳಿದೆ. ಎಲ್ಲಕ್ಕೂ ನೀನೇ ಕಾರಣ, ನೀನು ಕರೆತರದಿದ್ದರೆ ನಾನು ಬಂದರಿನಲ್ಲಿ ಅಕ್ಕನ ಮನೆಯಲ್ಲಿ ಮೀನು ಹುರಿದುಕೊಂಡು ಇರುತ್ತಿದ್ದೆ ಅಂದೆ. ಇದನ್ನು ಎರಡು ವರ್ಷದಿಂದ ಹೇಳುತ್ತಿದ್ದೇನೆ. ಈ ಊಟದ ಮನೆ ಯಾರಾದರೂ ಕೊಂಡರೆ ಮರುದಿನವೇ ಗಾಡಿ ಹತ್ತುತ್ತೇನೆ.

ಅಲ್ಲಿ ಜೇಬೆಜ್ ಆಗಲೇ ಬಂದು ಕುಳಿತಿದ್ದ. ಇವನೊಬ್ಬ ಸಾಲದಾಗಿತ್ತು. ಡೆನ್ಜಿಲನ ಜೊತೆಗಾರ. ದೂರ ಅಗೆಯಲು ಹೋದಾಗ ಒಂದೇ ಗುಡಾರದಲ್ಲಿ ಮಲಗಿ, ಒಂದೇ ಗುಂಡಿಯಲ್ಲಿ ಅಗೆದವರು. ಡೆನ್ಜಿಲ್ ಸತ್ತ ಮೇಲೂ ಅದೇ ಬರಡು ಗುಂಡಿಯನ್ನು ಒಬ್ಬನೇ ಕೆದಕುತ್ತಿದ್ದಾನೆ. ದಿನಾ ಸಂಜೆ ಬಂದು ಬೆಂಚಿನ ತುದಿಯಲ್ಲಿ ಕೂತು, ಉಂಡು, "ಚೆನ್ನಾಗಿತ್ತು ಮಿಸ್ಸಸ್" ಅಂದು ಎದ್ದು ಹೋಗುತ್ತಾನೆ. ಸುಟ್ಟ ರೊಟ್ಟಿ ಹಾಕಿದರೂ ಚೆನ್ನಾಗಿತ್ತು, ಉಪ್ಪಿಲ್ಲದ ಸಾರು ಹಾಕಿದರೂ ಚೆನ್ನಾಗಿತ್ತು. ಮಾತಾಡದ ಗಂಡಸನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೂಟಿನ ಕೆಂಪು ಧೂಳನ್ನು ಹೊಸಿಲಲ್ಲೇ ಉದುರಿಸುತ್ತಾನೆ ಬೇರೆ.

"ನಿನ್ನ ಜೊತೆಗಾರನ ಗೋರಿ ಅಗೀತಾರಂತೆ, ನೀನೇನಂತೀಯ?" ಅಂತ ಕೇಳಿದೆ.

ಬೂಟಿನ ಧೂಳು ಕೊಡವುತ್ತ, "ನೀವೇನಂತೀರೋ ಅದೇ" ಅಂದ.

ನೋಡು ಡೆನ್ಜಿಲ್, ಎಂಥವನನ್ನು ಗಂಟು ಹಾಕಿ ಹೋಗಿದ್ದೀಯ.

ಆಗಸ್ಟ್ ೨೦, ಶನಿವಾರ

ಗಣಿ ಮ್ಯಾಜಿಸ್ಟ್ರೇಟರು ಕುದುರೆಗಾಡಿಯಲ್ಲಿ ಬಂದರು. ಕೂದಲು ತುಂಬ ಧೂಳು, ಮೂಗು ತುಂಬ ನೆಗಡಿ. ಅವರಿಗೆ ಚಹಾ ಕೊಟ್ಟವಳು ನಾನೇ ಆದ್ದರಿಂದ ತೀರ್ಪು ಮೊದಲು ಕೇಳಿದವಳೂ ನಾನೇ.

"ನೋಡಿ ಮಿಸೆಸ್ ಟ್ರೆಗಿಯರ್, ಇಷ್ಟು ಜನ ಕೇಳ್ತಿರೋವಾಗ ಸರ್ಕಾರ ಇಲ್ಲ ಅನ್ನಲ್ಲ. ಬಂಡೆ ದಿಣ್ಣೆ ಮೇಲೆ ಹೊಸ ಸ್ಮಶಾನಕ್ಕೆ ಜಾಗ ಕೊಟ್ಟಿದೀನಿ. ಸತ್ತೋರನ್ನ ಅಲ್ಲಿಗೆ ಸಾಗಿಸ್ಲಿ. ನಿಮ್ಮ ಯಜಮಾನರದ್ದು ಮಾತ್ರ ನಿಮ್ಮ ಇಷ್ಟ."

"ನಾನು ಬೇಡ ಅಂದ್ರೆ?"

"ಗೋರಿ ಯಾರೂ ಮುಟ್ಟಬಾರದು ಅಂತ ಬರೀತೀನಿ. ಆದ್ರೆ ಆ ಜಾಗಕ್ಕೆ ಗೂಟ ಹೊಡೆದು ತನ್ನದು ಮಾಡ್ಕೊಂಡೋನು ಕೆಳಗೆ ಸುರಂಗ ಕೊರೆದ್ರೆ ನಾನು ತಡೆಯೋಕಾಗಲ್ಲ."

"ಅಂದ್ರೆ ಮನೆ ಬಿಟ್ಟು ನೆಲ ಕಿತ್ಕೊಂಡು ಹೋಗ್ತೀರಿ."

ಅವರು ಸೀನಿದರು. ಅದೇ ಉತ್ತರ ಅಂದುಕೊಂಡೆ.

ಬೇಡ ಅಂತಲೇ ಹೇಳಿದೆ. ಯಾಕೆ ಅಂತ ಆಮೇಲೆ ಯೋಚಿಸಿದೆ. ಡೆನ್ಜಿಲ್ ಒಂದು ಕಡೆ ತೆಪ್ಪಗೆ ಇದ್ದದ್ದು ಅಂತ ಇದ್ದರೆ ಈ ಎರಡು ವರ್ಷ. ಚಿನ್ನದ ಸುದ್ದಿ ಬಂತೆಂದು ಬೇಯುತ್ತಿದ್ದ ಪಾತ್ರೆಯ ಸಮೇತ ಗುಡಾರ ಎತ್ತಿದ ದಿನಗಳು ಎಷ್ಟಿದ್ದವು ಅಂತ ನನಗೆ ಗೊತ್ತು. ಇನ್ನೊಂದು ಚಿನ್ನದ ಸುದ್ದಿಗೆ ಅವನನ್ನು ಎತ್ತಿಕೊಂಡು ನಾನು ಹೊರಡುವುದಿಲ್ಲ. ಸಾಕಪ್ಪ, ಸಾಕು.

ಆಗಸ್ಟ್ ೨೭, ಶನಿವಾರ

ಬೆಣ್ಣೆ ಹಚ್ಚುವುದೆಂದರೆ ಏನೆಂದು ಈ ವಾರ ತಿಳಿಯಿತು. ಡೆನ್ಜಿಲನ ಗೋರಿ ಸರಿಯಾಗಿ ಆ ಹಳೆಯ ನದಿಪಾತ್ರದ ನಡುಮಧ್ಯೆ ಇದೆಯಂತೆ. ಹಾಗಂತ ಊರಿಗೆ ಊರೇ ಲೆಕ್ಕ ಹಾಕಿದೆ. ಸೋಮವಾರ ಬಂದು ನೋಡಿದರೆ ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು. ತೊಳೆದವರ ಕೈಗುಣಕ್ಕೆ ಎಲ್ಲವನ್ನೂ ನಾನು ಮತ್ತೆ ತೊಳೆದೆ. ಮಂಗಳವಾರ ಯಾರೋ ಛಾವಣಿಯ ತಗಡು ಹೊಡೆದರು, ತಲೆಕೆಳಗಾಗಿ. ಬುಧವಾರ ಕಾರ್ಡೆಲ್ ತಾನೇ ಖುದ್ದಾಗಿ ಪೀಪಾಯಿ ತುಂಬ ಸಿಹಿನೀರು ತಂದಿಳಿಸಿ, "ಇದು ನನ್ನ ಕಾಣಿಕೆ" ಅಂದ.

"ಯಾವ ದೇವರಿಗೆ?" ಅಂದೆ.

"ತಮಾಷೆ ಬೇಡ ಮಿಸ್ಸಸ್. ಡೆನ್ಜಿಲ್ ಬದುಕಿದ್ರೆ ಅವನೇ ಮೊದಲು ಸಲಿಕೆ ಹಿಡೀತಿದ್ದ."

ಇದು ನಿಜ. ನಿಜವಾದ್ದರಿಂದ ಇನ್ನೂ ಸಿಟ್ಟು ಬಂತು.

ಫಿಂಟನ್ ಅಂತೂ ಮೊಣಕಾಲೂರಿ, "ಹೊಸ ಗೋರಿ ಮೇಲೆ ಅಮೃತಶಿಲೆ ದೇವದೂತನ್ನ ನಿಲ್ಲಿಸ್ತೀವಿ ಮಿಸ್ಸಸ್, ರೆಕ್ಕೆ ಸಮೇತ" ಅಂದ. ರೆಕ್ಕೆ ನಿನಗೇ ಕಟ್ಟಿಕೊಂಡು ಹಾರಿಹೋಗು ಅಂದೆ.

ಜೇಬೆಜ್ ಮಾತ್ರ ಏನೂ ತರಲಿಲ್ಲ, ಏನೂ ಕೇಳಲಿಲ್ಲ. ಉಂಡ. ಚೆನ್ನಾಗಿತ್ತು ಅಂದ. ಹೋದ.

ಸೆಪ್ಟೆಂಬರ್ ೫, ಸೋಮವಾರ

ಬೆಣ್ಣೆಯ ಕಾಲ ಮುಗಿಯಿತು. ಬೇರೆ ಗೋರಿಗಳೆಲ್ಲ ದಿಣ್ಣೆಗೆ ಹೋದವು. ಅಲ್ಲಿ ಸಿಡಿಮದ್ದು ಇಟ್ಟು ಬಂಡೆ ಒಡೆದರೇ ಹೂಳಲು ಜಾಗ. ಆ ಸಿಟ್ಟನ್ನೂ ನನ್ನ ಮೇಲೆಯೇ ತೀರಿಸಿಕೊಳ್ಳುತ್ತಿದ್ದಾರೆ. ಬೆಂಚು ಅರ್ಧ ಖಾಲಿ, ಹಲವರು ಡಬ್ಬಿ ಮಾಂಸ ತಿಂದುಕೊಂಡು ಗುಡಾರದಲ್ಲೇ ಇದ್ದಾರೆ. ನೀರಿನ ಗಾಡಿ ಎಲ್ಲರ ಮನೆಗೂ ಹೋಗಿ ನನ್ನ ಮನೆಗೆ ಬರುವಾಗ ಖಾಲಿಯಾಗುತ್ತದೆ. ಕಾರ್ಡೆಲನನ್ನು ಕೇಳಿದರೆ, "ಏನ್ಮಾಡ್ಲಿ ಮಿಸ್ಸಸ್, ಹಂಡೆ ಸೋರ್ತಿದೆ" ಅನ್ನುತ್ತಾನೆ. ನನ್ನ ಮನೆಯ ಸರದಿ ಬಂದಾಗ ಮಾತ್ರ ಸೋರುವ ಹಂಡೆಯನ್ನು ನಾನು ಎಲ್ಲೂ ಕಂಡಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಒಂದು ಕೊಡ ನೀರು ಇತ್ತು. ನಿನ್ನೆಯೂ ಇತ್ತು. ಯಾರಿಟ್ಟರೋ ಗೊತ್ತಿಲ್ಲ. ಹೊಸಿಲ ಮೇಲೆ ಕೆಂಪು ಧೂಳು ಬೇರೆ, ಗುಡಿಸಿ ಸಾಕಾಯಿತು.

ಸೆಪ್ಟೆಂಬರ್ ೧೨, ಸೋಮವಾರ

ಬರೆಯದಿದ್ದರೆ ಯಾರನ್ನಾದರೂ ಹೊಡೆದುಬಿಡುತ್ತೇನೆ.

ಇವತ್ತು ಸ್ಮಶಾನ ತೆರೆದರು. ಮ್ಯಾಜಿಸ್ಟ್ರೇಟರು ಬಾವುಟ ಇಳಿಸಿದ್ದೇ ತಡ, ಗೂಟ ಸುತ್ತಿಗೆ ಹಿಡಿದ ಗಂಡಸರೆಲ್ಲ ದನದ ಹಿಂಡಿನ ಹಾಗೆ ನುಗ್ಗಿದರು. ನಾಲ್ಕು ಮೂಲೆಗೆ ಮೊದಲು ಗೂಟ ಹೊಡೆದವನದು ಜಾಗ. ನಾನು ಡೆನ್ಜಿಲನ ಗೋರಿಯ ಮೇಲೆಯೇ ಕೂರಬೇಕೆಂದು ಹೋಗಿದ್ದೆ, ಪೊಲೀಸಿನವನು ಬೇಲಿಯ ಹೊರಗೇ ತಡೆದ. ಕಾರ್ಡೆಲ್ ಆ ಕಡೆ ಓಡುತ್ತಿರುವುದನ್ನು ಕಂಡೆ. ಅಷ್ಟರಲ್ಲಿ ಅವನನ್ನು ಭುಜದಲ್ಲಿ ತಳ್ಳಿ ಇನ್ನೊಬ್ಬ ಮುಂದೆ ಹೋದ. ತಳ್ಳಿದವನು ಜೇಬೆಜ್. ಕಾರ್ಡೆಲ್ ಎದ್ದು ಧೂಳು ಕೊಡವುವುದರೊಳಗೆ ಡೆನ್ಜಿಲನ ಸುತ್ತ ನಾಲ್ಕೂ ಗೂಟ ಬಿದ್ದಿದ್ದವು.

ಜೇಬೆಜ್. ಯಾರ ತಟ್ಟೆಯಲ್ಲಿ ಉಂಡ, ಯಾರ ಪಕ್ಕದಲ್ಲಿ ಮಲಗಿದ. "ನೀವೇನಂತೀರೋ ಅದೇ" ಅಂದ ಬಾಯಿ.

ಸಂಜೆ ಏನೂ ಆಗದವನ ಹಾಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತ. ಬಡಿಸಿದ ತಟ್ಟೆಯನ್ನೇ ಎತ್ತಿ ಎಸೆದೆ. ಅವನ ಕಿವಿಯ ಪಕ್ಕದಲ್ಲಿ ಹೋಗಿ ತಗಡಿಗೆ ಬಡಿಯಿತು.

"ನಾಳೆಯಿಂದ ಈ ಮನೆ ಮೆಟ್ಟಿಲು ಹತ್ತಬೇಡ" ಅಂದೆ.

ಅವನು ಬಗ್ಗಿ ತಟ್ಟೆ ಎತ್ತಿ, ಒರೆಸಿ, ಮೇಜಿನ ಮೇಲಿಟ್ಟು ಹೋದ.

ಸೆಪ್ಟೆಂಬರ್ ೧೩, ಮಂಗಳವಾರ

ಬೆಂಚಿನ ತುದಿ ಖಾಲಿ ಇತ್ತು. ಒಳ್ಳೆಯದೇ ಆಯಿತು.

ಸೆಪ್ಟೆಂಬರ್ ೨೧, ಬುಧವಾರ

ಊಟದ ಹೊತ್ತಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಏನೆಂದು ಕೇಳಿದರೆ ಫಿಂಟನ್ ಕಣ್ಣೊರೆಸಿಕೊಂಡು ಹೇಳಿದ:

"ನಿಮ್ಮ ಜೇಬೆಜ್‌ಗೆ ಬಿಸಿಲು ತಲೆಗೇರಿದೆ ಮಿಸ್ಸಸ್. ಬೆಳಿಗ್ಗೆ ಗುಂಡಿ ತೋಡ್ತಾನೆ, ಸಂಜೆ ಅದೇ ಗುಂಡಿ ಮುಚ್ತಾನೆ. ಮರುದಿನ ಮತ್ತೆ ಅಲ್ಲೇ."

"ನನ್ನ ಜೇಬೆಜ್ ಅಲ್ಲ ಅವನು" ಅಂದೆ.

ಮಿಕ್ಕವರೆಲ್ಲ ಅಕ್ಕಪಕ್ಕದಲ್ಲಿ ಆಳಕ್ಕೆ ಇಳಿದು ಚಿನ್ನ ತೆಗೆಯುತ್ತಿದ್ದಾರೆ. ಇವನು ಮೊಣಕಾಲುದ್ದದ ಗುಂಡಿ ದಾಟುತ್ತಿಲ್ಲವಂತೆ. ಹುಚ್ಚು ಹಿಡಿದರೆ ಹಿಡಿಯಲಿ, ನನಗೇನು. ತಟ್ಟೆಗೆ ನೆಗ್ಗು ಬಿದ್ದಿದೆ, ಅದನ್ನು ಎಷ್ಟು ಬಡಿದರೂ ಸರಿಹೋಗುತ್ತಿಲ್ಲ.

ಸೆಪ್ಟೆಂಬರ್ ೨೫, ಭಾನುವಾರ

ಎರಡು ವಾರ ಆ ಕಡೆ ತಲೆ ಹಾಕಿರಲಿಲ್ಲ. ಇವತ್ತು ಹೋದೆ. ಸುತ್ತ ಎಲ್ಲ ಕಡೆ ಮಣ್ಣಿನ ಗುಪ್ಪೆ, ರಾಟೆ, ಹಗ್ಗ. ನಡುವೆ ಡೆನ್ಜಿಲನ ಗೋರಿ ಹೇಗಿತ್ತೋ ಹಾಗೇ ಇತ್ತು. ಮೇಲಿನ ಕಲ್ಲುಗಳೂ ಕದಲಿಲ್ಲ. ಅವನ ಪಾದದ ಆಚೆ, ಗೂಟದ ಹತ್ತಿರ, ಮುಚ್ಚಿ ತುಳಿದ ಹಸಿ ಮಣ್ಣು. ಜೇಬೆಜ್ ಗೂಟಕ್ಕೆ ಒರಗಿ ಕುಳಿತಿದ್ದ. ತುಟಿ ಒಡೆದು ರಕ್ತ ಬಂದಿತ್ತು, ಕುತ್ತಿಗೆಯ ಚರ್ಮ ಸುಲಿದಿತ್ತು.

"ಏನು ನಾಟಕ ಇದು?" ಅಂದೆ.

"ಕೆಲಸ ನಿಂತ್ರೆ ಜಾಗ ಹೋಗುತ್ತಲ್ಲ ಮಿಸ್ಸಸ್. ಮೂರು ದಿನ ಸಲಿಕೆ ಮುಟ್ಟದಿದ್ರೆ ಯಾರು ಬೇಕಾದ್ರೂ ಗೂಟ ಕೀಳ್ಬಹುದು. ಅದಕ್ಕೆ ಅಗೀತೀನಿ."

"ಮತ್ತೆ ಮುಚ್ಚೋದ್ಯಾಕೆ?"

"ಆಳಕ್ಕೆ ಹೋದ್ರೆ ಅವನ ಕಡೆಗೆ ಕುಸಿಯುತ್ತೆ."

ಇದಕ್ಕಾಗಿಯೇ ಅವನು ಕಾರ್ಡೆಲನನ್ನು ಕೆಡವಿ ಓಡಿದ್ದು. ಯಾರೂ ಕೆಳಗೆ ಕೊರೆಯದ ಹಾಗೆ ನೋಡಿಕೊಳ್ಳಲು.

"ಅವತ್ತೇ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ನೀವು ಕೇಳ್ಲಿಲ್ಲ. ತಟ್ಟೆ ಎಸೆದ್ರಿ."

"ನೀನು ಹೇಳಿದ್ರೆ ಎಸೀತಿರ್ಲಿಲ್ಲ."

"ಡೆನ್ಜಿಲ್‌ಗೆ ನಿದ್ದೆಯಿಂದ ಎಬ್ಬಿಸಿದ್ರೆ ಆಗ್ತಿರ್ಲಿಲ್ಲ ಮಿಸ್ಸಸ್. ಗುಡಾರದಲ್ಲಿ ಒಂದು ಸಲ ಎಬ್ಬಿಸಿದ್ದಕ್ಕೆ ಬೂಟಲ್ಲಿ ಹೊಡೆದಿದ್ದ."

ನಗು ಬಂತು. ಡೆನ್ಜಿಲ್ ಗೊರಕೆ ಹೊಡೆಯುತ್ತಿದ್ದ ಬಗೆಯನ್ನು ಅವನು ಅನುಕರಿಸಿ ತೋರಿಸಿದ, ತಪ್ಪಾಗಿ. ನಾನು ತಿದ್ದಿದೆ. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಮನೆಗೆ ಬಂದ ಮೇಲೆ ನೆನಪಾಯಿತು, ಬೈಯುವುದನ್ನೇ ಮರೆತಿದ್ದೆ. ತಗಡಿನ ವಿಷಯ, ನೀರಿನ ವಿಷಯ ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಎಲ್ಲ ಸೇರಿಸಿ ಹೇಳಬೇಕು.

ಸಂಜೆ ಬೆಂಚಿನ ತುದಿಯಲ್ಲಿ ನೆಗ್ಗಿದ ತಟ್ಟೆಯನ್ನೇ ಇಟ್ಟೆ.

ಅಕ್ಟೋಬರ್ ೬, ಗುರುವಾರ

ಸೆಕೆ ಶುರುವಾಗಿದೆ. ತಗಡಿನ ಕೆಳಗೆ ನಾನು ಬೆಂದುಹೋಗುತ್ತಿದ್ದೇನೆ, ಅಲ್ಲಿ ಬಯಲಲ್ಲಿ ಆ ಮನುಷ್ಯ ತಲೆಯ ಮೇಲೆ ಒಂದು ಚೂರು ನೆರಳೂ ಇಲ್ಲದೆ ಗುಂಡಿ ತೋಡುತ್ತಾನೆ. ಮಧ್ಯಾಹ್ನ ಚಹಾ ತೆಗೆದುಕೊಂಡು ಹೋಗಬೇಕಾಗಿ ಬಂದಿದೆ. ಬೇರೆ ದಾರಿ ಏನಿದೆ? ಅವನು ಅಲ್ಲೇ ಬಿದ್ದರೆ ಮತ್ತೊಂದು ಸಾವಿನ ಖರ್ಚು ಊರಿಗೆ. ಮಾಂಸ ತುಂಬಿದ ಪೇಸ್ಟಿಯನ್ನೂ ಕಟ್ಟಿಕೊಡುತ್ತೇನೆ, ಹೇಗೂ ಉಳಿದಿರುತ್ತದೆ. ಇವತ್ತು ಉಳಿದಿರಲಿಲ್ಲ, ಒಂದು ಹೆಚ್ಚಿಗೆ ಮಾಡಿದೆ.

ಗೋಣಿತಟ್ಟಿನ ಚಪ್ಪರ ಹಾಕಿಕೋ ಅಂದರೆ, "ಚಪ್ಪರ ಹಾಕಿದ್ರೆ ನೆರಳು ಡೆನ್ಜಿಲ್ ಮೇಲೆ ಬೀಳಲ್ಲ, ನನ್ನ ಮೇಲೆ ಬೀಳುತ್ತೆ" ಅನ್ನುತ್ತಾನೆ. ಇಂಥ ತಲೆಯನ್ನು ಏನು ಮಾಡುವುದು? ನಾನೇ ನಾಲ್ಕು ಕೋಲು ನೆಟ್ಟು ಜೇಬೆಜನ ತಲೆಯ ಮೇಲೆಯೇ ಬರುವ ಹಾಗೆ ಕಟ್ಟಿ ಬಂದೆ. ಹುಡುಗರೆಲ್ಲ ಗುಂಡಿಗಳಿಂದ ತಲೆ ಎತ್ತಿ ನೋಡುತ್ತಿದ್ದರು. ಮಾಡಲು ಬೇರೆ ಕೆಲಸವಿಲ್ಲ ಅವರಿಗೆ.

ಅವನ ಅಂಗಿಯ ಬೆನ್ನು ಬೆವರಿಗೆ ಪಿಸಿದುಹೋಗಿದೆ. ಡೆನ್ಜಿಲನ ನೀಲಿ ಅಂಗಿ ಪೆಟ್ಟಿಗೆಯಲ್ಲಿ ಸುಮ್ಮನೆ ಹುಳ ತಿನ್ನುತ್ತಿತ್ತು, ತೋಳು ಉದ್ದ ಮಾಡಿ ಕೊಟ್ಟೆ. ಅಕ್ಕನಿಗೆ ಕಾಗದ ಬರೆಯಬೇಕು, ಪುರಸೊತ್ತೇ ಆಗುತ್ತಿಲ್ಲ.

ಅಕ್ಟೋಬರ್ ೧೩, ಗುರುವಾರ

ಕಾರ್ಡೆಲ್ ದೂರು ಕೊಟ್ಟಿದ್ದಾನೆ. ಜೇಬೆಜ್ ಅಗೆಯುತ್ತಿಲ್ಲ, ಅಗೆದ ಹಾಗೆ ಮಾಡುತ್ತಿದ್ದಾನೆ, ಜಾಗ ತನಗೆ ಕೊಡಬೇಕು ಅಂತ. ಬುಧವಾರ ವಿಚಾರಣೆ. ಜಾಗ ಕೈಬಿಟ್ಟರೆ ಕಾರ್ಡೆಲ್ ಆ ದಿನವೇ ಕೆಳಗೆ ಕೊರೆಯಲು ಶುರು ಮಾಡುತ್ತಾನೆ. ಹಗ್ಗ, ಬಕೆಟ್ಟು, ಆಳು ಎಲ್ಲ ತಯಾರು ಮಾಡಿಟ್ಟುಕೊಂಡಿದ್ದಾನೆ, ಹಂಡೆ ಮಾತ್ರ ಇನ್ನೂ ಸೋರುತ್ತಿದೆ. ನಾನು ಹೇಗೋ ತಡೆದುಕೊಂಡೇನು. ಈ ಜೇಬೆಜ್‌ಗೆ ನಾಲ್ಕು ಜನರ ಮುಂದೆ ಮಾತಾಡಲು ಬರುವುದಿಲ್ಲ, ಅದೇ ನನ್ನ ಚಿಂತೆ.

ಅಕ್ಟೋಬರ್ ೧೯, ಬುಧವಾರ

ವಿಚಾರಣೆ ನಡೆದದ್ದು ನನ್ನ ಊಟದ ಮನೆಯಲ್ಲೇ. ಊರಲ್ಲಿ ಇಷ್ಟು ಜನ ಹಿಡಿಸುವ ಜಾಗ ಬೇರೆ ಇಲ್ಲ. ಮಧ್ಯಾಹ್ನದ ಅಡುಗೆ ಕೆಟ್ಟಿತು.

ಕಾರ್ಡೆಲ್ ಗಂಟಲು ಸರಿ ಮಾಡಿಕೊಂಡು ಅರ್ಧ ಗಂಟೆ ಕೊರೆದ. ಮ್ಯಾಜಿಸ್ಟ್ರೇಟರು ಜೇಬೆಜ್ ಕಡೆ ತಿರುಗಿದರು.

"ಐದು ವಾರದಿಂದ ಅಗೀತಿದೀಯ. ಏನು ಸಿಕ್ತು?"

"ಏನೂ ಇಲ್ಲ ಸಾರ್."

"ಏನೂ ಇಲ್ವಾ? ಅಕ್ಕಪಕ್ಕದೋರಿಗೆಲ್ಲ ಸಿಗ್ತಿದೆಯಲ್ಲ."

"ಅಲ್ಲಿ ಇಲ್ಲ ಸಾರ್. ಬರೀ ಮಣ್ಣು."

ಇಡೀ ಮನೆಯಲ್ಲಿ ಗುಜುಗುಜು ಎದ್ದಿತು. ಕಾರ್ಡೆಲನ ಕಣ್ಣು ಅರಳಿದ್ದನ್ನು ನಾನೇ ನೋಡಿದೆ. ಫಿಂಟನ್ ಪಕ್ಕದವನ ಕಿವಿಯಲ್ಲಿ, "ಅಯ್ಯೋ, ಏನೂ ಇಲ್ಲ ಅಂತಿದಾನೆ ಅಂದ್ರೆ ಎಷ್ಟಿರ್ಬೇಕು ನೋಡು" ಅಂದದ್ದು ನನಗೂ ಕೇಳಿಸಿತು. ಚಿನ್ನದ ಊರಿನ ಜನ ಇವರು. ಇದೆ ಅಂದವನನ್ನು ಅನುಮಾನಿಸುತ್ತಾರೆ. ಇಲ್ಲ ಅಂದವನ ಹಿಂದೆ ಸಲಿಕೆ ಹಿಡಿದು ಓಡುತ್ತಾರೆ. ಸತ್ಯ ಹೇಳಿಯೇ ಜೇಬೆಜ್ ತನ್ನ ಕತ್ತಿಗೆ ತಾನೇ ಹಗ್ಗ ಹಾಕಿಕೊಂಡ.

ಮ್ಯಾಜಿಸ್ಟ್ರೇಟರು ಮೂಗು ಒರೆಸಿಕೊಂಡು ಹೇಳಿದರು, "ಹತ್ತು ದಿನ ಕೊಡ್ತೀನಿ. ಅಷ್ಟರಲ್ಲಿ ಸರಿಯಾಗಿ ಆಳಕ್ಕೆ ಇಳೀಬೇಕು. ಇಲ್ಲಾಂದ್ರೆ ಜಾಗ ಕಾರ್ಡೆಲ್‌ಗೆ."

ಆಳಕ್ಕೆ ಇಳಿದರೆ ಡೆನ್ಜಿಲನ ಕಡೆಯ ಮಣ್ಣು ಕುಸಿಯುತ್ತದೆ. ಇಳಿಯದಿದ್ದರೆ ಕಾರ್ಡೆಲ್ ಇಳಿಯುತ್ತಾನೆ. ಹೇಗೆ ತಿರುಗಿಸಿದರೂ ಒಂದೇ.

ಅಕ್ಟೋಬರ್ ೨೦, ಗುರುವಾರ

ಮಧ್ಯಾಹ್ನ ಚಹಾ ಕೊಡುವಾಗ ನೇರವಾಗಿ ಕೇಳಿದೆ.

"ನಿಜ ಹೇಳು. ಅಲ್ಲಿ ಏನೂ ಇಲ್ವಾ?"

"ಇಲ್ಲ. ಅವನ ತಲೆ ಹತ್ರ ಆ ನದಿಪಾತ್ರ ಪೂರ್ತಿ ಆ ಕಡೆ ತಿರುಗಿಬಿಟ್ಟಿದೆ. ಒಂದು ಗಜ ಆಚೆ ಹೂತಿದ್ರೆ ಸರಿಯಾಗಿ ಅದರ ಮೇಲೆ ಇರ್ತಿದ್ದ."

ಡೆನ್ಜಿಲ್ ಇಡೀ ಬದುಕು ಹಾಗೆಯೇ ಅಗೆದ. ಯಾವಾಗಲೂ ಚಿನ್ನ ಪಕ್ಕದವನ ಗುಂಡಿಯಲ್ಲಿ. ಸತ್ತ ಮೇಲೂ ಒಂದು ಗಜ ತಪ್ಪಿದ. ನಗಲು ಹೋದೆ, ಅಳು ಬಂತು. ಜ್ವರ ಬಂದ ದಿನ ಅತ್ತಿರಲಿಲ್ಲ, ಹೂತ ದಿನವೂ ಅತ್ತಿರಲಿಲ್ಲ, ಬೈಯುವುದರಲ್ಲೇ ಇದ್ದೆ. ಇವತ್ತು ಮಣ್ಣಿನ ಗುಪ್ಪೆಯ ಮೇಲೆ ಕೂತು ಎಲ್ಲರೆದುರು ಅತ್ತೆ. ಜೇಬೆಜ್ ಕೈಯಲ್ಲಿ ಚಹಾದ ಲೋಟ ಹಿಡಿದು ಬೆಪ್ಪನ ಹಾಗೆ ನಿಂತಿದ್ದ.

ಕಣ್ಣೊರೆಸಿಕೊಂಡು, "ಇದು ನಿನಗೆ ಯಾವಾಗ ಗೊತ್ತಾಯ್ತು?" ಅಂದೆ.

"ಎರಡನೇ ದಿನ."

"ಯಾವುದರ ಎರಡನೇ ದಿನ?"

"ಗೂಟ ಹೊಡೆದ ಎರಡನೇ ದಿನ. ಮೊದಲನೇ ಗುಂಡಿ ಮಣ್ಣು ತೂರಿ ನೋಡಿದೆ."

"ಏನೂ ಇಲ್ಲ ಅಂತ ಎರಡನೇ ದಿನವೇ ಗೊತ್ತಿದ್ದು, ಇಷ್ಟು ದಿನ ಈ ಬಿಸಿಲಲ್ಲಿ ಕತ್ತೆ ಹಾಗೆ ತೋಡಿ ಮುಚ್ಚಿ, ತೋಡಿ ಮುಚ್ಚಿ, ಊರೋರ ಕೈಯಲ್ಲಿ ನಗಿಸಿಕೊಂಡಿದೀಯಲ್ಲ. ಯಾಕೋ?"

"ನಾನು ಎದ್ದು ಹೋದ್ರೆ ಕಾರ್ಡೆಲ್‌ಗೆ ಅವನೇ ಅಗೆದು ನೋಡೋವರೆಗೂ ನಂಬಿಕೆ ಬರಲ್ಲ ಮಿಸ್ಸಸ್."

ಇಷ್ಟೇ ಹೇಳಿ ಚಹಾ ಕುಡಿದ. ಲೋಟ ಹಿಡಿದ ಕೈ ನೋಡಿದೆ. ಬೊಬ್ಬೆ ಒಡೆದು, ಅದರ ಮೇಲೆ ಬೊಬ್ಬೆ ಬಂದು, ಅದೂ ಒಡೆದಿತ್ತು. ಕೆಳಗೆ ಮಲಗಿರುವವನಿಗೆ ಬಿಸಿಲೂ ಇಲ್ಲ, ಬಾಯಾರಿಕೆಯೂ ಇಲ್ಲ. ಇವನಿಗೆ ಎರಡೂ ಇದೆ. ಇಷ್ಟು ಸರಳ ವಿಷಯ ನನ್ನ ಮಂಕು ತಲೆಗೆ ಇಷ್ಟು ದಿನ ಹೋಗಲಿಲ್ಲ.

"ಸಾಕು" ಅಂದೆ. "ಡೆನ್ಜಿಲನ್ನ ದಿಣ್ಣೆಗೆ ಕರ್ಕೊಂಡು ಹೋಗೋಣ. ಆಮೇಲೆ ಗೂಟ ಕಿತ್ತು ಕಾರ್ಡೆಲ್ ಮುಖಕ್ಕೆ ಎಸಿ."

ಅಕ್ಟೋಬರ್ ೨೪, ಸೋಮವಾರ

ಡೆನ್ಜಿಲನನ್ನು ಎತ್ತಿದರು. ನಾನು ಅಲ್ಲೇ ನಿಂತಿದ್ದೆ. ಪೆಟ್ಟಿಗೆ ಗಟ್ಟಿಯಾಗಿಯೇ ಇತ್ತು, ಅದನ್ನು ಮಾಡಿದವನು ಜೇಬೆಜ್. ಫಿಂಟನ್ ಮತ್ತು ಹುಡುಗರು ಕೇಳದೆಯೇ ಬಂದು ಹೆಗಲು ಕೊಟ್ಟರು, ಯಾರೂ ಹಲ್ಲು ಕಿರಿಯಲಿಲ್ಲ. ದಿಣ್ಣೆಯಲ್ಲಿ ಗುಂಡಿ ಆಗುವ ತನಕ ಗೋಣಿತಟ್ಟಿನ ಚಪ್ಪರವನ್ನು ಅಲ್ಲಿಗೇ ಸಾಗಿಸಿ ಅದರ ಕೆಳಗೆ ಇಟ್ಟಿದ್ದೇವೆ.

ಅಕ್ಟೋಬರ್ ೨೯, ಶನಿವಾರ

ಕಾರ್ಡೆಲ್ ಹಳೆಯ ಜಾಗದಲ್ಲಿ ಮೂರಾಳುದ್ದ ಇಳಿದಿದ್ದಾನಂತೆ. ಏನೂ ಸಿಕ್ಕಿಲ್ಲ. ಸಿಗದಷ್ಟೂ ಅವನ ನಂಬಿಕೆ ಗಟ್ಟಿಯಾಗುತ್ತಿದೆ. ನೀರು ಕಾಯಿಸುವ ಆಳುಗಳನ್ನೂ ಅಲ್ಲಿಗೆ ಎಳೆದುಕೊಂಡಿದ್ದಾನೆ, ಈಗ ಇಡೀ ಊರಿಗೇ ನೀರಿಲ್ಲ. ಎಲ್ಲರೂ ನನ್ನ ಬಾಗಿಲಿಗೆ ಬಂದು ಅವನನ್ನು ಬೈಯುತ್ತಾರೆ. ಮೊದಲೇ ನನ್ನ ಜೊತೆ ಸೇರಿ ಬೈದಿದ್ದರೆ ಆಗುತ್ತಿರಲಿಲ್ಲವೆ?

ಇವತ್ತು ಡೆನ್ಜಿಲನನ್ನು ಮಣ್ಣು ಮಾಡಿದೆವು. ದಿಣ್ಣೆಯ ನೆಲ ಕಬ್ಬಿಣದ ಹಾಗಿದೆ. ಜೇಬೆಜ್ ಮೂರು ದಿನ ಒಬ್ಬನೇ ಬಂಡೆ ಒಡೆದಿದ್ದ, ಯಾರನ್ನೂ ಹತ್ತಿರ ಬಿಡಲಿಲ್ಲ. ಪ್ರಾರ್ಥನೆ ಮುಗಿದು ಹುಡುಗರೆಲ್ಲ ಹೋದರು. ಅವನು ಮಣ್ಣು ಎಳೆಯತೊಡಗಿದ ಮೇಲೆ ನಾನು ಸರಿಯಾಗಿ ಗಮನಿಸಿದೆ. ಗುಂಡಿ ಬೇಕಾದ್ದರ ಎರಡರಷ್ಟು ಅಗಲ ಇತ್ತು. ಡೆನ್ಜಿಲನ ಪೆಟ್ಟಿಗೆ ಒಂದು ಪಕ್ಕಕ್ಕೆ, ಇನ್ನೊಂದು ಪಕ್ಕ ಖಾಲಿ. ಅವನು ಡೆನ್ಜಿಲನ ಕಡೆ ಮಾತ್ರ ಮಣ್ಣು ಹಾಕುತ್ತಿದ್ದ.

"ಇದೇನು ಇಷ್ಟು ಅಗಲ? ಅವನೇನು ಕಾಲು ಅಗಲಿಸಿ ಮಲಗ್ತಾನಾ?" ಅಂದೆ.

"ಆ ಕಡೆ ಹಲಗೆ ಮುಚ್ಚಿ ಬಿಡ್ತೀನಿ ಮಿಸ್ಸಸ್. ಬಂಡೆ ತುಂಬಾ ಗಟ್ಟಿ ಇಲ್ಲಿ. ಮುಂದೆ ಬೇಕಾದಾಗ ತೋಡೋಕೆ ಯಾರಿರ್ತಾರೋ ಏನೋ."

"ಯಾರಿಗೆ ಬೇಕಾದಾಗ?"

ಅವನು ಸಲಿಕೆಯ ಹಿಡಿಯನ್ನೇ ನೋಡಿದ. "ಹೆಂಡತಿ ಜಾಗ ಗಂಡನ ಪಕ್ಕದಲ್ಲಿ ಇರ್ಬೇಕಲ್ಲ. ಡೆನ್ಜಿಲ್‌ಗೆ ನಾನು ಅಷ್ಟಾದ್ರೂ ಮಾಡ್ಬೇಕು."

ಮೂರು ದಿನ ಈ ಕೈಯಲ್ಲಿ, ಈ ಬಿಸಿಲಲ್ಲಿ, ನನಗೆ ಗೋರಿ ತೋಡಿದ್ದಾನೆ. ಇವನ ಒಳ್ಳೆಯತನಕ್ಕೆ ಒಂದು ಮಿತಿ ಬೇಡವೆ? ಕೋಪ ನೆತ್ತಿಗೇರಿತು.

"ಮುಚ್ಚು ಅದನ್ನ" ಅಂದೆ.

"ಯಾವುದನ್ನ?"

"ಆ ಕಡೇದನ್ನ. ಪೂರ್ತಿ ಮುಚ್ಚು. ನಾನು ಅಲ್ಲಿ ಮಲಗಲ್ಲ."

"ಹಾಗಾದ್ರೆ ಎಲ್ಲಿ..."

"ನಾನಿನ್ನೂ ಸತ್ತಿಲ್ಲ ಜೇಬೆಜ್. ಕಣ್ಣು ಕಾಣಲ್ವಾ ನಿನಗೆ?"

ಅವನು ನನ್ನ ಮುಖ ನೋಡಿದ. ಎಷ್ಟು ಹೊತ್ತು ನೋಡಿದ ಅಂದರೆ, ಇವನಿಗೆ ನಿಜವಾಗಿಯೂ ಬಿಸಿಲು ತಲೆಗೇರಿತೇ ಅಂತ ನನಗೆ ಭಯವಾಯಿತು. ಆಮೇಲೆ ಡೆನ್ಜಿಲನ ಕಡೆ ತಿರುಗಿ, ಟೋಪಿ ತೆಗೆದು, ಅಪ್ಪಣೆ ಕೇಳುವವನ ಹಾಗೆ ಸ್ವಲ್ಪ ನಿಂತ. ಆಮೇಲೆ ಸಲಿಕೆ ಹಿಡಿದ. ಮೂರು ದಿನ ಬಂಡೆ ಒಡೆದು ತೋಡಿದ ಜಾಗವನ್ನು, ನಾನು ಚಹಾದ ಪಾತ್ರೆ ಎತ್ತಿಕೊಳ್ಳುವುದರೊಳಗೆ ಮುಚ್ಚಿ, ತುಳಿದು, ಸಮ ಮಾಡಿಬಿಟ್ಟ. ಇಷ್ಟು ಬೇಗ ಅವನು ಗುಂಡಿ ಮುಚ್ಚಿದ್ದನ್ನು ನಾನು ಕಂಡೇ ಇಲ್ಲ. ಮುಚ್ಚುವಷ್ಟು ಹೊತ್ತೂ ಸಿಳ್ಳೆ ಹಾಕುತ್ತಿದ್ದ. ಜೊತೆಗಾರನ ಗೋರಿಯ ಮುಂದೆ ನಿಂತು ಸಿಳ್ಳೆ ಹಾಕುವ ಗಂಡಸಿಗೆ ಏನನ್ನಬೇಕೋ ನನಗಂತೂ ತಿಳಿಯದು.